ತೊಟ್ಟಿಲಿಗೆ ಬಡಿದ ಪುದೀನ ಗಾಳಿ

ಹೆಸರಿಡುವ ದಿನ ಅಣ್ಣನ ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರಲು ಸೋದರತ್ತೆಯಾದ ನಾನು ತೊಟ್ಟಿಲಿಗೆ ಬಗ್ಗಿದೆ. ನನ್ನ ಬಹುದಿನದ ಬಾಯಿ ವಾಸನೆಗೆ ಹೆದರಿ, ಹೊಸಪೇಟೆಯ ಅಂಗಡಿಯವನು ಹೊಗಳಿದ ಪುದೀನ ಪೇಸ್ಟು, ಮೌತ್‌ವಾಶ್, ಸ್ಪ್ರೇ ಎಲ್ಲವನ್ನೂ ಬೆಳಿಗ್ಗೆಯಿಂದ ಬಾಯಿಗೆ ಸುರಿದುಕೊಂಡೇ ಅತ್ತಿಗೆಯ ತವರು ಕಂಪ್ಲಿಗೆ ಬಂದಿದ್ದೆ. ಪದ್ಧತಿಯಂತೆ ಹೆಂಗಸರು ನನ್ನ ಬೆನ್ನಿಗೆ ಗುದ್ದಿದರು. ಆ ರಭಸಕ್ಕೆ ನನ್ನ ಉಸಿರೆಲ್ಲ ಒಮ್ಮೆಗೇ ಮಗುವಿನ ಮುಖಕ್ಕೆ ಬಡಿಯಿತು. ಅದು ಸೀನಿ ಸೀನಿ, ಕಿರುಚಿ ಅಳತೊಡಗಿತು.

ಅತ್ತಿಗೆಯ ತಾಯಿ ಕೂಸನ್ನು ಎತ್ತಿಕೊಂಡು ಎಲ್ಲರೆದುರೇ ಹೇಳಿದರು: “ನಿನ್ನ ಹಳೇ ವಾಸನಿನೇ ಪಾಡಿತ್ತು ಬಿಡವಾ!”

ಹಳೆಯದೇ ವಾಸಿಯಂತೆ! ವರ್ಷಗಟ್ಟಲೆ ಬಾಯಿಗೆ ಕೈ ಅಡ್ಡ ಹಿಡಿದು ಕಾಪಾಡಿದ ಗುಟ್ಟು ಬೀಗರಿಗೆಲ್ಲ ಗೊತ್ತೇ ಇತ್ತು. ಮರುದಿನ ಹಲ್ಲಿನ ಡಾಕ್ಟರ ಬಳಿ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಮಾಸ್ಕ್ ಏರಿಸಿದರು. ಸುದ್ದಿ ಅಲ್ಲಿಗೂ ಮುಟ್ಟಿತ್ತೇನೋ!