ಕ್ಯಾಪಿಟಲ್ ಅಕ್ಷರದ ಮರ್ಯಾದೆ

ಮಣಿಪಾಲದಲ್ಲಿ ನಾನು ಪಿಎಚ್‌ಡಿ ಪ್ರಬಂಧಗಳ ಇಂಗ್ಲಿಷ್ ತಿದ್ದುತ್ತೇನೆ. ಕಾಪುವಿನ ಶಾಲಿನಿಯ ಪ್ರಬಂಧದಲ್ಲಿ ಸೇತುವೆಯ ಬಿರುಕು ಅಳೆಯುವ ಪ್ರತಿಯೊಂದು ವಿಧಾನದ ಹೆಸರೂ ಊರಿನ ಹೆಸರಿನಂತೆ ಕ್ಯಾಪಿಟಲ್ ಅಕ್ಷರದಿಂದ ಶುರುವಾಗುತ್ತಿತ್ತು. ವಿಧಾನವೆಂದರೆ ಊರೂ ಅಲ್ಲ, ಮನುಷ್ಯನೂ ಅಲ್ಲ. ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸಿದೆ. ಅವಳ ಗೈಡ್ ಸಹಿ ಹಾಕಲು ಒಪ್ಪಲಿಲ್ಲ. ಅವತ್ತು ಸಂಜೆ ಐದರೊಳಗೆ ಪ್ರಬಂಧ ಸಲ್ಲಿಸದಿದ್ದರೆ ಕಾರ್ಕಳದ ಕಾಲೇಜಿನಲ್ಲಿ ಅವಳಿಗೆ ಸಿಕ್ಕಿದ್ದ ಕೆಲಸ ಕೈತಪ್ಪುತ್ತಿತ್ತು. ನಾನೂ ಶಾಲಿನಿಯೂ ಗೈಡ್ ಅವರ ಕೋಣೆಗೆ ಹೋದೆವು.

"ಇಷ್ಟು ವರ್ಷ ನಾನು ಪಾಠ ಮಾಡಿದ ವಿಧಾನ ಇದು. ಸಣ್ಣಕ್ಷರದಲ್ಲಿ ಬರೆದರೆ ಎಂತ ಮರ್ಯಾದೆ ಉಂಟು?" ಎಂದರು ಗೈಡ್.

"ಗಂಜಿ ಬಸಿಯುವುದೂ ಒಂದು ವಿಧಾನವೇ ಸರ್. ಅದಕ್ಕೆ ಯಾರೂ ಕ್ಯಾಪಿಟಲ್ ಕೇಳುವುದಿಲ್ಲ," ಎಂದೆ.

"ಗಂಜಿ ಬಸಿದವರಿಗೆ ಪಿಎಚ್‌ಡಿ ಕೊಡುವುದಿಲ್ಲ ಮಾರಾಯ್ರೆ."

ನಾನು ಇನ್ನೊಂದು ಉದಾಹರಣೆ ಹುಡುಕುತ್ತಿದ್ದಾಗ ಶಾಲಿನಿ ನನ್ನ ಕಿವಿಯ ಹತ್ತಿರ ಬಂದಳು. "ಸರ್, ಯಾರು ಬೇಕಾದರೂ ಗೆಲ್ಲಲಿ. ನನಗೆ ಸಹಿ ಬೇಕು."

ಅಲ್ಲೇ ಕುಳಿತು ಅಕ್ಷರಗಳನ್ನೆಲ್ಲ ಮತ್ತೆ ದೊಡ್ಡದು ಮಾಡಿದೆ. ಗೈಡ್ ಸಹಿ ಹಾಕಿದರು. ಐದಕ್ಕೆ ಹತ್ತು ನಿಮಿಷವಿರುವಾಗ ಕಚೇರಿಯ ಗುಮಾಸ್ತೆ ಪ್ರಬಂಧದ ಅಂಚನ್ನು ಸ್ಕೇಲಿನಿಂದ ಅಳೆದು, ಒಂದು ಸಾಲೂ ಓದದೆ ಮೊಹರು ಒತ್ತಿದರು.

ಶಾಲಿನಿ ಈಗ ಕಾರ್ಕಳದಲ್ಲಿ ಪಾಠ ಮಾಡುತ್ತಾಳೆ. ತನ್ನ ವಿದ್ಯಾರ್ಥಿಗಳ ವರದಿಗಳನ್ನು ತಿದ್ದಲು ನನಗೇ ಕಳಿಸುತ್ತಾಳೆ, ಜೊತೆಗೆ ಒಂದು ಚೀಟಿ: "ಸರ್, ವಿಧಾನಗಳ ಹೆಸರು ಕ್ಯಾಪಿಟಲ್‌ನಲ್ಲೇ ಇರಲಿ. ಇಲ್ಲವಾದರೆ ನಾನು ಸಹಿ ಹಾಕುವುದಿಲ್ಲ."