ರಸ್ತೆ ನೋಡದ ಪ್ರಲ್ಹಾದರು

ಪ್ರಲ್ಹಾದರನ್ನು ನೆನೆದಾಗ ನನಗೆ ಮೊದಲು ಕಾಣುವುದು ಅವರ ನೆತ್ತಿ. ಬಾಡ್‌ಹೂವೆಡಾರ್ಪ್ ಎಂಬ ಡಚ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಅವರು ಎಷ್ಟೋ ವರ್ಷ ಇದ್ದರು. ಅಷ್ಟು ಕಾಲದಲ್ಲಿ ಅವರ ಮುಖಕ್ಕಿಂತ ನೆತ್ತಿಯನ್ನೇ ನಾನು ಹೆಚ್ಚು ನೋಡಿರಬೇಕು. ಸದಾ ತಲೆ ತಗ್ಗಿಸಿ ಏನನ್ನಾದರೂ ಓದುತ್ತಿದ್ದರು. ಬಸ್‌ಸ್ಟಾಪಿನಲ್ಲಿ ಬಸ್ಸಿನ ಟೈಮಿಂಗ್, ಅಂಗಡಿಯಲ್ಲಿ ಹಾಲಿನ ಡಬ್ಬದ ಹಿಂಬದಿ, ನಮ್ಮ ಮನೆಗೆ ಬಂದರೆ ಚಹಾಪುಡಿಯ ಪೊಟ್ಟಣ. ಮೈಸೂರಿನ ಕಾನ್ವೆಂಟಿನಲ್ಲಿ ನಮ್ಮ ಗದ್ದದ ಕೆಳಗೆ ಸ್ಕೇಲು ಹಿಡಿದು ತಲೆ ಎತ್ತಿಸುತ್ತಿದ್ದ ಸಿಸ್ಟರ್ ಇವರನ್ನು ಕಂಡಿದ್ದರೆ ಬಹಳ ನೊಂದುಕೊಳ್ಳುತ್ತಿದ್ದರು.

ಸ್ವೆಟರಿನ ಕಥೆ ಬೇರೆ. ವಾರಕ್ಕೆ ಎರಡು ಸಲವಾದರೂ ಅದು ಒಳಮೈ ಹೊರಗಾಗಿರುತ್ತಿತ್ತು. ಹೊಲಿಗೆಗಳೆಲ್ಲ ಎದ್ದು ಕಾಣುತ್ತಿದ್ದವು, ಕತ್ತಿನ ಹಿಂದೆ ಲೇಬಲ್ಲು ಹಾರಾಡುತ್ತಿತ್ತು. ಅವರ ಹೆಂಡತಿ ಸುಧಾ ಗೇಟಿನವರೆಗೆ ಓಡಿಬಂದು ಹಿಡಿದು ನಿಲ್ಲಿಸುತ್ತಿದ್ದಳು.

"ಮತ್ತ ಉಲ್ಟಾ ಹಾಕ್ಕೊಂಡೀರಲ್ರೀ! ಆಫೀಸಿನ ಮಂದಿ ಏನಂತಾರ?"

"ನನ್ನ ಕಡೆ ಮೆತ್ತಗದ, ಬಿಡು."

ಆಫೀಸುಗಳೇ ತುಂಬಿದ ಜೈಡಾಸ್ ಬಡಾವಣೆಯ ಯಾವುದೋ ಬ್ಯಾಂಕಿನಲ್ಲಿ ಪ್ರಲ್ಹಾದರಿಗೆ ಕಂಪ್ಯೂಟರ್ ಕೆಲಸ. ಗದಗಿನ ಕಡೆಯವರು, ಮೆತ್ತಗಿನ ಮಾತು. ಇಂಥ ಮನುಷ್ಯ ರಜೆ ಹಾಕಿ ಕಾರ್ ರ‍್ಯಾಲಿಗೆ ಹೋಗುತ್ತಾರೆಂದು ಸುಧಾ ಹೇಳಿದಾಗ ನಾನು ನಂಬಿರಲಿಲ್ಲ. ಓಡಿಸುವವನು ಅವರ ಆಫೀಸಿನ ಡಚ್ ಗೆಳೆಯ ಯೆರೂನ್. ಇವರು ಪಕ್ಕದಲ್ಲಿ ಕೂತು ಮುಂದಿನ ತಿರುವು ಯಾವ ಕಡೆಗೆ, ಎಷ್ಟು ಬಿಗಿ ಎಂದು ಓದಿ ಹೇಳುವವರು. ಆ ತಿರುವುಗಳನ್ನೆಲ್ಲ ಮೊದಲೇ ನಿಧಾನವಾಗಿ ಓಡಾಡಿ ಬರೆದುಕೊಂಡಿರುತ್ತಾರಂತೆ.

"ಅಷ್ಟು ಜೋರಾಗಿ ಹೋಗುವಾಗ ರಸ್ತೆ ನೋಡಿದರೆ ಭಯವಾಗಲ್ವಾ ನಿಮಗೆ?" ಎಂದು ಕೇಳಿದ್ದೆ.

"ನಾ ರಸ್ತಾ ಎಲ್ಲಿ ನೋಡ್ತೀನ್ರೀ ವೈನಿ? ಅವಾ ನೋಡ್ತಾನ, ನಾ ಓದ್ತೀನಿ. ಎಲ್ಲಿಗೆ ಬಂದೇವಿ ಅಂತ ನನ್ನ ಬೆನ್ನಿಗೆ ಗೊತ್ತಾಗ್ತದ."

ಅದು ಸುಳ್ಳಲ್ಲ. ಒಮ್ಮೆ ಏಪ್ರಿಲ್‌ನಲ್ಲಿ ಎರಡೂ ಮನೆಯವರು ನಮ್ಮ ಕಾರಿನಲ್ಲಿ ಟ್ಯುಲಿಪ್ ಹೊಲ ನೋಡಲು ಹೋದೆವು. ಅರ್ಧ ದಾರಿಯಲ್ಲಿ ಫೋನಿನ ಮ್ಯಾಪು ಕೈಕೊಟ್ಟಿತು. ಪ್ರಲ್ಹಾದರು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕಾಗದದ ಮ್ಯಾಪು ಹರಡಿಕೊಂಡು, ಒಮ್ಮೆಯೂ ತಲೆ ಎತ್ತದೆ, "ಸೇತುವೆ ಬಂತು, ದಾಟಿದ ಕೂಡಲೇ ಬಲಕ್ಕ, ಸಣ್ಣಾಗ್ತದ, ನಿಧಾನ" ಎನ್ನುತ್ತಾ ನನ್ನ ಯಜಮಾನರನ್ನು ನಡೆಸಿದರು. ಎರಡೂ ಕಡೆ ಕೆಂಪು, ಹಳದಿ ಪಟ್ಟಿಪಟ್ಟಿಯಾಗಿ ಹೂವು.

"ಹೂವು ನೋಡ್ರೀ!" ಎಂದು ಸುಧಾ ಹಿಂದಿನಿಂದ ಅವರ ಭುಜ ಅಲುಗಾಡಿಸಿದಳು.

"ಎಲ್ಲೆ?" ಎಂದು ಅವರು ತಲೆ ಎತ್ತುವ ಹೊತ್ತಿಗೆ ಎದುರಿಗೆ ದನದ ಕೊಟ್ಟಿಗೆ.

ಅವರ ಮನೆಯಲ್ಲಿ ಅಗಲವಾದ ಒಂದು ಪ್ಲಾಸ್ಟಿಕ್ ಹಲಗೆ ಇತ್ತು. ಒಂದು ಮುಖದಲ್ಲಿ ಹಸಿರು ಅಕ್ಷರದ ಓಕೆ, ಇನ್ನೊಂದರಲ್ಲಿ ಕೆಂಪು ಅಕ್ಷರದ ಎಸ್‌ಒಎಸ್. ರ‍್ಯಾಲಿಯಲ್ಲಿ ಕಾರು ಕೆಟ್ಟೋ ಮಗುಚಿಯೋ ನಿಂತರೆ ಹಿಂದೆ ಬರುವ ಕಾರಿಗೆ ಅದನ್ನು ತೋರಿಸಲೇಬೇಕು. ಹಸಿರು ಕಂಡರೆ ಅವರು ಮುಂದೆ ಹೋಗುತ್ತಾರೆ. ಕೆಂಪು ಕಂಡರೆ ಜೀವಕ್ಕೆ ಅಪಾಯವೆಂದು ಪಂದ್ಯವೇ ನಿಲ್ಲುತ್ತದೆ. ಇದನ್ನೆಲ್ಲ ಅವರು ನನಗೆ ವಿವರಿಸುತ್ತಿದ್ದಾಗ ಸುಧಾ ಅದೇ ಹಲಗೆಯ ಮೇಲೆ ಹೆಸರುಕಾಳು ಹಸನು ಮಾಡುತ್ತಿದ್ದಳು.

ಆ ವರ್ಷ ಪ್ರಲ್ಹಾದರೂ ಯೆರೂನನೂ ಯುರೋಪಿನ ಚಾಂಪಿಯನ್‌ಶಿಪ್ಪಿನ ಒಂದು ಸುತ್ತಿಗೆ ಲಾಟ್ವಿಯಾಕ್ಕೆ ಹೋದರು. ಕಾಡಿನೊಳಗಿನ ಜಲ್ಲಿ ರಸ್ತೆ. ಸುಧಾ ಬೆಳಿಗ್ಗೆಯೇ ನಮ್ಮ ಮನೆಗೆ ಬಂದಳು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಬ್ಬರೂ ಪಂದ್ಯದ ನೇರ ಪ್ರಸಾರ ನೋಡುತ್ತಾ ಕೂತೆವು. ನಕ್ಷೆಯ ಮೇಲೆ ಪ್ರತಿ ಕಾರಿಗೂ ಒಂದೊಂದು ಚುಕ್ಕೆ, ಇರುವೆ ಸಾಲಿನಂತೆ. ಇವರದು ಸಾಲಿನ ಹಿಂಭಾಗದ ಒಂದು ಇರುವೆ.

ಆ ಇರುವೆ ನಿಂತುಬಿಟ್ಟಿತು.

"ಟೈರ್ ಬದಲಾಯಿಸ್ತಿರಬೇಕು," ಎಂದೆ. ಸ್ವಲ್ಪ ಹೊತ್ತಿಗೆ ಉಳಿದ ಚುಕ್ಕೆಗಳೂ ನಿಂತವು. ವೀಕ್ಷಕ ವಿವರಣೆಯವನ ದನಿ ಇಳಿಯಿತು. ಅವನ ಇಂಗ್ಲಿಷು ನನಗೆ ಒಂದೊಂದಕ್ಷರವೂ ಕೇಳಿಸಿತು. ಕೇಳಿಸದಿದ್ದರೇ ಚೆನ್ನಾಗಿತ್ತು.

"ವೈನಿ, ಏನಂದಾ ಅವಾ? ನನಗ ಕಿವಿ ಕಟ್ಟಿಧಂಗ ಆಗೇದ."

"ಪಂದ್ಯ ನಿಲ್ಲಿಸಿದ್ದಾರಂತೆ."

"ಕೆಂಪು ತೋರಿಸ್ಯಾರಂತ?"

"ಹೂಂ ಕಣೆ. ಕೆಂಪು."

ಅವಳು ಅಳಲಿಲ್ಲ. ಎದ್ದುಹೋಗಿ ಸ್ಟ್ಯಾಂಡಿನ ಮೇಲೆ ಒಣಗಿದ್ದ ನಮ್ಮ ಬಟ್ಟೆಗಳನ್ನೆಲ್ಲ ಮಡಿಸತೊಡಗಿದಳು. ನನ್ನ ಯಜಮಾನರ ಒಂದು ಕಾಲುಚೀಲಕ್ಕೆ ನನ್ನದೊಂದನ್ನು ಜೋಡಿ ಮಾಡಿ ಸುತ್ತಿಟ್ಟಳು. ನಾನು ಅವಳ ಪಕ್ಕ ನಿಂತು ಮಡಿಸಿದ್ದನ್ನು ತೆಗೆದುಕೊಳ್ಳುತ್ತಿದ್ದೆ. ಯೆರೂನನಿಗೆ ಫೋನು ಹಚ್ಚಿದರೆ ಉತ್ತರವಿಲ್ಲ. ಪ್ರಲ್ಹಾದರಿಗೆ ಹಚ್ಚಿದರೂ ಅಷ್ಟೇ. ಕಿಟಕಿಯಾಚೆ, ಊರ ಪಕ್ಕದ ಏರ್‌ಪೋರ್ಟಿಗೆ ವಿಮಾನಗಳು ಎಂದಿನಂತೆ ಇಳಿಯುತ್ತಿದ್ದವು.

ಮಡಿಸಲು ಇನ್ನೇನೂ ಉಳಿಯದಿದ್ದಾಗ ಅವಳ ಫೋನು ಹೊಡೆದುಕೊಂಡಿತು. ಸ್ಪೀಕರಿನ ಗುಂಡಿಯನ್ನು ನಾನೇ ಒತ್ತಿದೆ.

"ಸುಧಾ, ನಾ ಆರಾಮ ಇದ್ದೀನಿ. ಯೆರೂನನೂ ಆರಾಮ. ಗಾಡಿ ಒಂದು ಮಗಚಿ ಬಿದ್ದದ. ಆದ್ರ ಇಲ್ಲೆ ಆ್ಯಂಬುಲೆನ್ಸ್ ಬಂದದ, ಡಾಕ್ಟರ್ ಬಂದಾರ, ಮಲಗು ಅಂತಾರ. ಯಾಕಂತ ತಿಳೀವಲ್ತು. ನಾ ಓಕೆ ಹಿಡ್ಕೊಂಡೇ ನಿಂತಿದ್ದೆ."

ಸುಧಾ ಕಣ್ಣು ಮುಚ್ಚಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು:

"ಓಕೆ ಯಾವ ಕಡೆ ಇತ್ತು?"

"ನನ್ನ ಕಡೆ."

ಆ ಕಡೆ ಹಲಗೆ ತಿರುಗಿಸಿದ ಸದ್ದು. ನಂತರ ಲಾಟ್ವಿಯಾದ ಕಾಡಿನಿಂದ ಸಣ್ಣದಾಗಿ, "ಅಯ್ಯ..." ಎಂದು ಕೇಳಿತು.

"ನಿಮ್ಮ ಕಡೆ ಇದ್ರ ಮಂದಿಗೆ ಹ್ಯಾಂಗ ಕಾಣಬೇಕ್ರೀ?" ಎಂದವಳೇ ಸುಧಾ ನೆಲದ ಮೇಲೆ ಕೂತುಬಿಟ್ಟಳು. ಮಡಿಸಿದ ಬಟ್ಟೆಗಳಲ್ಲಿ ಮುಖ ಹುದುಗಿಸಿ ನಕ್ಕಳೋ ಅತ್ತಳೋ, ನನ್ನ ಒಂದು ಟವೆಲ್ಲಂತೂ ಒದ್ದೆಯಾಯಿತು. ನಾನೂ ಅಲ್ಲೇ ಕೂತೆ. ಮನುಷ್ಯ ಜೀವಂತ ಇದ್ದಾನೆ, ಎಂದಿನಷ್ಟೇ ಪೆದ್ದನಾಗಿದ್ದಾನೆ ಎಂಬುದಕ್ಕಿಂತ ದೊಡ್ಡ ಸಮಾಧಾನ ಆ ದಿನ ನಮಗೆ ಬೇರೆ ಬೇಕಿರಲಿಲ್ಲ.

ಪಂದ್ಯದವರು ದಂಡ ಹಾಕಿದರಂತೆ. ಯೆರೂನ್ ವಿಮಾನದಲ್ಲಿ ಮಾತೇ ಆಡಲಿಲ್ಲವಂತೆ. ಆದರೂ ಇಳಿದ ಮೇಲೆ ಇವರನ್ನು ಮನೆ ಬಾಗಿಲವರೆಗೆ ತಂದು ಬಿಟ್ಟ. ಇವರ ಕಿವಿಯ ಸಂದಿಯಲ್ಲಿ ಇನ್ನೂ ಜಲ್ಲಿ ರಸ್ತೆಯ ಧೂಳು. ಪ್ರಲ್ಹಾದರು ತಲೆ ತಗ್ಗಿಸಿ ಎರಡು ಬಟ್ಟಲು ಮೊಸರವಲಕ್ಕಿ ತಿಂದರು. ಸುಧಾ ಎದುರು ಕೂತು ಅವರ ನೆತ್ತಿಯನ್ನೇ ನೋಡುತ್ತಿದ್ದಳು.

ಮರುವರ್ಷ ಅವರ ಕೆಲಸ ಪುಣೆಗೆ ಹೋಯಿತು, ಅವರೂ ಹೋದರು. ಏರ್‌ಪೋರ್ಟಿಗೆ ನಾವೇ ಬಿಡಲು ಹೋಗಿದ್ದೆವು. ಗೇಟು ದಾಟಿ ಸುಧಾ ಕೈಬೀಸಿದಳು. ಪ್ರಲ್ಹಾದರು ಬೋರ್ಡಿಂಗ್ ಪಾಸು ಓದುತ್ತಾ ಮುಂದೆ ಹೋಗಿಯೇಬಿಟ್ಟರು ಎಂದುಕೊಂಡೆ. ಅಷ್ಟರಲ್ಲಿ ನಿಂತರು. ತಿರುಗಿದರು. ತಲೆ ಎತ್ತಿ, ಗುಂಪಿನಲ್ಲಿ ನಮ್ಮನ್ನು ಹುಡುಕಿ, ಚೀಲದಿಂದ ಒಂದು ರಟ್ಟು ತೆಗೆದು ಎತ್ತಿ ಹಿಡಿದರು. ಹಸಿರು ಸ್ಕೆಚ್ ಪೆನ್ನಿನಲ್ಲಿ ಓಕೆ. ಆಮೇಲೆ ರಟ್ಟನ್ನು ನಿಧಾನವಾಗಿ ತಿರುಗಿಸಿ ಹಿಂಬದಿ ತೋರಿಸಿದರು. ಅಲ್ಲಿಯೂ ಓಕೆ.

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅವರು ಮತ್ತೆ ತಲೆ ತಗ್ಗಿಸಿ ಹೊರಟರು. ಕತ್ತಿನ ಹಿಂದೆ ಸ್ವೆಟರಿನ ಲೇಬಲ್ಲು ಹಾರಾಡುತ್ತಿತ್ತು. ಪಕ್ಕದಲ್ಲೇ ಇದ್ದ ಸುಧಾ ಅದನ್ನು ನೋಡಿದಳು. ಯಾಕೋ ಆವತ್ತು ಸರಿಮಾಡಲಿಲ್ಲ, ಅವರ ತೋಳು ಹಿಡಿದುಕೊಂಡು ನಡೆದಳು.