ಅಕ್ಕನ ಮನೆಯ ಸೂಪು

ಕಾನೂನು ಪಾಠ ಹೇಳಿ ನಿವೃತ್ತನಾದವನಿಗೆ ಬಸ್ಸಿನಲ್ಲಿ ಪಕ್ಕದ ಸೀಟೇ ಕ್ಲಾಸು ನೋಡಿ. ಆಸ್ಟಿನ್‌ನಿಂದ ಹ್ಯೂಸ್ಟನ್‌ಗೆ ಹೋಗುವಾಗ ಪಕ್ಕದಲ್ಲಿದ್ದ ಅಮೆರಿಕನ್ ಹೆಂಗಸಿಗೆ ಖುಷಿಯಾಗಿ ವಿವರಿಸುತ್ತಿದ್ದೆ: "ಇಂಗ್ಲೆಂಡಿನಲ್ಲಿ, ಕೊಂದವರ ಬುದ್ಧಿ ಮನೋರೋಗದಿಂದ ಹಿಡಿತ ತಪ್ಪಿತ್ತು ಅಂತ ಸಾಬೀತಾದರೆ ಅದು ಕೊಲೆಯಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಅಪರಾಧ."

"ಗೊತ್ತು," ಅಂದಳು ತಣ್ಣಗೆ. "ನನ್ನಕ್ಕ ಲಂಡನ್‌ನಲ್ಲಿ ಗಂಡನ ಸೂಪಿಗೆ ವಿಷ ಹಾಕಿದಳು. ಕೋರ್ಟು ಹಾಗೇ ಹೇಳಿತು. ಶಿಕ್ಷೆ ಮುಗಿಸಿ ಹ್ಯೂಸ್ಟನ್‌ಗೆ ವಾಪಸ್ ಬಂದಿದ್ದಾಳೆ. ಇವತ್ತು ನನ್ನನ್ನ ಊಟಕ್ಕೆ ಕರೆದಿದ್ದಾಳೆ. ಸೂಪು ಮಾಡಿದ್ದಾಳಂತೆ. ಕುಡಿಯಲಾ, ಪ್ರೊಫೆಸರ್?"

"ಈಗ ಗುಣವಾಗಿರಬೇಕಲ್ಲಮ್ಮಾ?"

"ನಗುನಗುತ್ತಾ ಇರ್ತಾಳೆ. ಆವತ್ತೂ ಹಾಗೇ ಇದ್ದಳು."

ಬಸ್ಸು ನಿಂತಿತು. ಹೊರಗೊಬ್ಬಳು ನಗುತ್ತಾ ಕೈಬೀಸುತ್ತಿದ್ದಳು. ಈಕೆ ನನ್ನ ತೋಳು ಹಿಡಿದಳು: "ಒಬ್ಬಳೇ ಹೋಗಲಾರೆ. ನೀವೂ ಬನ್ನಿ."

ಊಟಕ್ಕೆ ಕರೆದರೆ ಒಲ್ಲೆ ಅನ್ನದ ಮನುಷ್ಯ ನಾನು. ಪಂಚಾಂಗವನ್ನೂ ನೋಡದೆ, ಇವತ್ತು ಏಕಾದಶಿ ಅಂದುಬಿಟ್ಟೆ.